ನೆರೆ ತಡೆಯುವ ತಳಿ ಅಂತ ಬಿತ್ತಿದೆ, ಬೀಜವೇ ಮೇಲೆ ಬರಲಿಲ್ಲ. ಯಾಕೆ?

ಕೊನೆಭಾಗದ ಗದ್ದೆ, ಮಲೇಬೆನ್ನೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಭದ್ರಾ ಚಾನಲ್ ಕೊನೆಭಾಗದಲ್ಲಿ ಮೂರು ಎಕರೆ ಗದ್ದೆ. ನಾಟಿಗೆ ಆಳು ಸಿಗುತ್ತಿಲ್ಲ. ಅದಕ್ಕೆ ಈ ಸಲ ಸಸಿಮಡಿ ಮಾಡದೆ, ಚಾನಲ್ ನೀರಿಗೂ ಕಾಯದೆ, ಮಳೆ ಹದ ನೋಡಿ ಕೂರಿಗೆಯಲ್ಲೇ ಭತ್ತ ಬಿತ್ತಿದೆ. ಬೀಜ ಸಾಂಬಾ ಮಸೂರಿ ಸಬ್-1. ಪಕ್ಕದ ಕ್ಯಾಂಪಿನವರು ಆಂಧ್ರದ ನೆಂಟರ ಕಡೆಯಿಂದ ತರಿಸಿದ್ದರು. "ಎರಡು ವಾರ ನೀರಲ್ಲಿ ಮುಳುಗಿದ್ರೂ ಏನಾಗಲ್ಲ" ಅಂದಿದ್ದರು.

ಬಿತ್ತಿದ ಮರುದಿನ ರಾತ್ರಿ ಜೋರು ಮಳೆ. ಬಸಿಗಾಲುವೆ ಕಟ್ಟಿಕೊಂಡು ಕೆಳಗಿನ ಮಡಿಯಲ್ಲಿ ಆರು ದಿನ ನೀರು ನಿಂತಿತು. ಜಾಸ್ತಿ ಏನಲ್ಲ, ಅರ್ಧ ಗೇಣು. ಮೇಲಿನ ಎರಡು ಮಡಿ ಹಸಿರಾಗಿವೆ. ಕೆಳಗಿನದು ಬೋಳು. ಮಣ್ಣು ಕೆದಕಿ ನೋಡಿದೆ. ಬೀಜ ಊದಿಕೊಂಡಿದೆ, ಹಿಸುಕಿದರೆ ಹಾಲಿನಂಥ ರಸ ಬರುತ್ತದೆ, ಹುಳಿ ವಾಸನೆ. ಕೆಲವಕ್ಕೆ ಮಾತ್ರ ಬಿಳಿ ಎಳೆ ಬಂದಿದೆ, ಬೇರೇ ಇಲ್ಲ.

ಎರಡು ವಾರ ತಡೆಯುವ ತಳಿ ಆರು ದಿನಕ್ಕೇ ಯಾಕೆ ಸತ್ತಿತು? ಬೀಜ ಕಲಬೆರಕೆಯಾ? ಗೊತ್ತಿದ್ದವರು ಹೇಳಿ.

ಹೊಳೆದಂಡೆ, ಹೊನ್ನಾಳಿ

ಅಣ್ಣಾ, ತಳಿ ಸುಳ್ಳು ಅನ್ನೋಕೆ ಮೊದಲು ನಮ್ಮ ಅನುಭವ ಕೇಳಿ. ನಮ್ಮ ಗದ್ದೆ ತುಂಗಭದ್ರೆ ದಂಡೆಯಲ್ಲೇ ಇದೆ. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ಬಂದಾಗ ನಾಟಿ ಮಾಡಿದ ಪೈರೆಲ್ಲ ಕೊಳೆತು ಹೋಯಿತು. ಆಮೇಲೆ ಹೊಳೆ ಕಡೆಯ ಮಡಿಗೆ ಸಬ್-1 ಇರುವ ಭತ್ತ ಹಾಕಲು ಶುರು ಮಾಡಿದೆ. ಒಂದು ವರ್ಷ ನಾಟಿ ಆಗಿ ಇಪ್ಪತ್ತು ದಿನದ ಪೈರು ಒಂಬತ್ತು ದಿನ ರಾಡಿ ನೀರಲ್ಲಿತ್ತು. ನೀರು ಇಳಿದಾಗ ಎಲೆಯೆಲ್ಲ ಬೂದು ಬಣ್ಣಕ್ಕೆ ತಿರುಗಿ ಮಣ್ಣಿಗೆ ಅಂಟಿತ್ತು. ನಮ್ಮವ್ವ ಅಂತೂ ಕೈ ಬಿಟ್ಟಿದ್ದಳು. ಹತ್ತು ದಿನಕ್ಕೆ ಬುಡದಿಂದ ಹೊಸ ಸುಳಿ ಬಂತು.

ಹಾಗಾಗಿ ಕಲಬೆರಕೆ ಅಂತ ನನಗೆ ಅನಿಸಲ್ಲ. ಆದರೆ ನಿಮ್ಮದು ಯಾಕೆ ಸತ್ತಿತು ಅಂತ ನನಗೂ ತಿಳೀಬೇಕು.

ತಳಿ ಓದು, ದಾವಣಗೆರೆ

ಇಬ್ಬರು ಹೇಳಿದ್ದೂ ನಿಜ ಅಣ್ಣಾ. ನಾನು ಓದಿದ್ದು ಬೀಜ ಮತ್ತು ತಳಿ ಅಭಿವೃದ್ಧಿ. ನಮ್ಮ ಅಪ್ಪನದೂ ಗದ್ದೆಯೇ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಸಬ್-1 ಕಾಪಾಡುವುದು ಪೈರನ್ನು. ಬೀಜವನ್ನಲ್ಲ. ನೀರಿನ ಕೆಳಗೆ ಮೊಳೆಯುವ ಶಕ್ತಿಗೆ ಬೇರೆಯೇ ಜೀನ್ ಬೇಕು. ನಿಮ್ಮ ಬೀಜದಲ್ಲಿ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ.

ಮೊದಲು ಪೈರಿನ ಕಥೆ. ಒಡಿಶಾದಲ್ಲಿ ಒಂದು ಹಳೇ ದೇಸಿ ಭತ್ತ ಇತ್ತು, ಅದರಿಂದ ಆರಿಸಿದ ತಳಿಯ ಹೆಸರು ಎಫ್‌ಆರ್ 13ಎ. ಮುಳುಗಿದರೂ ಬದುಕುತ್ತೆ ಅಂತ ತಳಿ ಮಾಡುವವರಿಗೆಲ್ಲ ಗೊತ್ತಿತ್ತು. ಆದರೆ ಅದನ್ನು ಒಳ್ಳೆ ತಳಿ ಜೊತೆ ಕ್ರಾಸ್ ಮಾಡಿದಾಗೆಲ್ಲ ನೆರೆ ತಡೆಯುವ ಗುಣದ ಹಿಂದೆಯೇ ಕಡಿಮೆ ಇಳುವರಿ, ಒರಟು ಅಕ್ಕಿ ಕೂಡ ಬಂದುಬಿಡುತ್ತಿತ್ತು. 1996ರಲ್ಲಿ ಕೆನೊಂಗ್ ಷೂ ಮತ್ತು ಡೇವಿಡ್ ಮೆಕಿಲ್ ಈ ಗುಣ ಭತ್ತದ 9ನೇ ಕ್ರೋಮೋಸೋಮಿನಲ್ಲಿ ಕೂತಿದೆ ಅಂತ ಗುರುತಿಸಿದರು. 2006ರಲ್ಲಿ ಇವರು, ಪಮೇಲಾ ರೊನಾಲ್ಡ್ ಮತ್ತು ಜೊತೆಯವರು ಸೇರಿ ಜೀನನ್ನೇ ಹಿಡಿದರು. ಅದೇ ಸಬ್-1ಎ.

ಅದು ಮಾಡುವ ಕೆಲಸ ಕೇಳಿದರೆ ಆಶ್ಚರ್ಯ ಆಗುತ್ತೆ. ಪೈರು ಮುಳುಗಿದಾಗ ಒಳಗೆ ಎಥಿಲೀನ್ ಅನ್ನೋ ಅನಿಲ ತುಂಬಿಕೊಳ್ಳುತ್ತದೆ. ಗಾಳಿಯಲ್ಲಾದರೆ ಹಾರಿ ಹೋಗುತ್ತಿತ್ತು. ನೀರಿನಲ್ಲಿ ಅನಿಲ ಹರಡುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಎಥಿಲೀನ್ ಜಾಸ್ತಿ ಆದರೆ ಮಾಮೂಲಿ ಭತ್ತ ಗಾಬರಿಗೆ ಬಿದ್ದಂತೆ ಸರಸರ ಉದ್ದ ಆಗುತ್ತದೆ, ತಲೆ ಹೊರಗೆ ಹಾಕಲು. ನೀರು ಆಳ ಇದ್ದರೆ ಮೇಲೆ ಬರುವಷ್ಟರಲ್ಲಿ ಒಳಗಿನ ಸಕ್ಕರೆ, ಪಿಷ್ಟ ಎಲ್ಲ ಖಾಲಿ. ನೀರು ಇಳಿದ ಮೇಲೆ ನಿಲ್ಲುವ ಕಸುವು ಇರಲ್ಲ, ಮಲಗಿಬಿಡುತ್ತದೆ. ಸಬ್-1ಎ ಇರುವ ಪೈರು ಬೆಳೆಯುವುದನ್ನೇ ನಿಲ್ಲಿಸುತ್ತದೆ. ಉದ್ದ ಮಾಡುವ ಜಿಬ್ಬರೆಲಿನ್ ಹಾರ್ಮೋನಿನ ಮಾತು ನಡೆಯದಂತೆ ಮಾಡುತ್ತದೆ. ಇದ್ದದ್ದನ್ನು ಬುಡದಲ್ಲಿ ಉಳಿಸಿಕೊಂಡು ಕಾಯುತ್ತದೆ. ಹೊನ್ನಾಳಿ ಅಣ್ಣ ನೋಡಿದ ಸುಳಿ ಆ ಉಳಿತಾಯದಿಂದ ಬಂದದ್ದು.

ಈಗ ನಿಮ್ಮ ಬೀಜದ ವಿಷಯ. ಮುಳುಗಿದ ಪೈರು "ಸುಮ್ನಿರು" ಅಂದರೆ ಬದುಕುತ್ತದೆ. ಮುಳುಗಿದ ಬೀಜ ಸುಮ್ಮನಿದ್ದರೆ ಕೊಳೆಯುತ್ತದೆ. ಅದು ಬೇಗ ಮೇಲೆ ಬರಬೇಕು. ಒಂದೇ ನೀರು, ಆದರೆ ಬೇಕಾದ ಬುದ್ಧಿ ತದ್ವಿರುದ್ಧ.

ಕೊನೆಭಾಗದ ಗದ್ದೆ, ಮಲೇಬೆನ್ನೂರು

ಮೇಡಂ, ಇಷ್ಟು ಬಿಡಿಸಿ ಇಲ್ಲಿವರೆಗೆ ಯಾರೂ ಹೇಳಿರಲಿಲ್ಲ. ಹಾಗಾದರೆ ಬೀಜ ನೀರಲ್ಲಿ ಮೊಳೆಯೋಕೆ ಏನು ಬೇಕು? ಭತ್ತ ಅಂದರೆ ನೀರಿನ ಬೆಳೆ ಅಲ್ವಾ?

ತಳಿ ಓದು, ದಾವಣಗೆರೆ

ನೀರಿನ ಬೆಳೆ ಹೌದು, ಆದರೆ ನಾವು ಅದನ್ನು ಯಾವತ್ತೂ ಸಸಿಮಡಿಯಲ್ಲಿ ಬೆಳೆಸಿ, ನಾಟಿ ಮಾಡಿ, ಆಮೇಲೆ ನೀರು ಕಟ್ಟಿದವರು. ಬೀಜಕ್ಕೆ ನೀರಿನ ಕೆಳಗೆ ಮೊಳೆಯುವ ಪರೀಕ್ಷೆ ಬರುತ್ತಲೇ ಇರಲಿಲ್ಲ. ನೇರ ಬಿತ್ತನೆ ಬಂದ ಮೇಲೆ ಆ ಪರೀಕ್ಷೆ ಶುರುವಾಗಿದೆ. ನನ್ನ ಪ್ರಕಾರ ನಮ್ಮ ಭದ್ರಾ ಭಾಗಕ್ಕೆ ಈಗ ಮುಖ್ಯವಾದ ಪ್ರಶ್ನೆ ಇದೇ.

ಬೀಜದೊಳಗೆ ಪಿಷ್ಟ ಇದೆ. ಮೊಳಕೆಗೆ ಸಕ್ಕರೆ ಬೇಕು. ಪಿಷ್ಟವನ್ನು ಒಡೆದು ಸಕ್ಕರೆ ಮಾಡುವ ಕತ್ತರಿ ಅಮೈಲೇಸ್ ಅನ್ನೋ ಕಿಣ್ವ. ಆಮ್ಲಜನಕ ಇಲ್ಲದಾಗ ಗೋಧಿ, ಬಾರ್ಲಿ ಬೀಜಕ್ಕೆ ಈ ಕತ್ತರಿ ಮಾಡಿಕೊಳ್ಳೋಕೇ ಆಗಲ್ಲ. ಭತ್ತಕ್ಕೆ ಆಗುತ್ತೆ. ಮಾಮೂಲಿ ದಾರಿ ಮುಚ್ಚಿದರೂ ಭತ್ತದಲ್ಲಿ ಇನ್ನೊಂದು ದಾರಿ ಇದೆ: "ಸಕ್ಕರೆ ಖಾಲಿ ಆಗ್ತಿದೆ" ಅನ್ನೋ ಹಸಿವಿನ ಸಂದೇಶ ಹೋದರೆ ಬೇರೆ ಅಮೈಲೇಸ್ ಜೀನ್ ತೆರೆದುಕೊಳ್ಳುತ್ತದೆ.

ಆದರೆ ಎಲ್ಲ ಭತ್ತವೂ ಇದರಲ್ಲಿ ಸಮಾನ ಅಲ್ಲ. ಮ್ಯಾನ್ಮಾರ್‌ನ ಖಾವ್ ಹ್ಲಾನ್ ಆನ್ ಅನ್ನೋ ದೇಸಿ ಭತ್ತ ನೀರಿನ ಕೆಳಗೂ ಚೆನ್ನಾಗಿ ಮೊಳೆಯುತ್ತದೆ. ಅದರ ಗುಟ್ಟು ಒಂದು ಜೀನ್, ಓಎಸ್‌ಟಿಪಿಪಿ7. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಜೊತೆಯವರೊಂದಿಗೆ 2015ರಲ್ಲಿ ಪ್ರಕಟಿಸಿದರು. ಇದೂ 9ನೇ ಕ್ರೋಮೋಸೋಮಿನಲ್ಲೇ ಇದೆ, ಆದರೆ ಸಬ್-1 ಅಲ್ಲ. ಬೀಜದಲ್ಲಿ ಟಿ6ಪಿ ಅಂತ ಒಂದು ಸಣ್ಣ ಸಕ್ಕರೆ ಇರುತ್ತದೆ. ಅದು ಜಾಸ್ತಿ ಇದ್ದರೆ "ಹೊಟ್ಟೆ ತುಂಬಿದೆ" ಅನ್ನೋ ಲೆಕ್ಕ. ಈ ಜೀನ್ ಟಿ6ಪಿಯನ್ನು ಟ್ರಿಹಲೋಸ್ ಮಾಡಿ ಕಡಿಮೆ ಮಾಡುತ್ತದೆ. ಬೀಜಕ್ಕೆ ಹಸಿವು ಗೊತ್ತಾಗುತ್ತದೆ. ಪಿಷ್ಟ ಒಡೆಯುವುದು ಮುಂದುವರಿಯುತ್ತದೆ, ಮೊಳಕೆಗೆ ಸಕ್ಕರೆ ಸಿಗುತ್ತದೆ. ನಮ್ಮ ದೇಶದಲ್ಲೆಲ್ಲ ಬೆಳೆದ ಐಆರ್ 64ರಲ್ಲಿ ಈ ಜೀನೇ ಇಲ್ಲ.

ನೀವು ನೋಡಿದ ಬಿಳಿ ಎಳೆ ಅದೇ ಪ್ರಯತ್ನ ಅಣ್ಣಾ. ಭತ್ತ ನೀರಲ್ಲಿ ಮೊದಲು ಬೇರು ಬಿಡಲ್ಲ. ಸೂಜಿಯಂಥ ಒಂದು ಬಿಳಿ ಕೊಳವೆಯನ್ನು ಮೇಲೆ ಕಳಿಸುತ್ತದೆ. ಅದರ ತುದಿ ನೀರಿನ ಮೇಲೆ ಬಂದರೆ ಗಾಳಿ ಕೊಳವೆಯಲ್ಲಿ ಇಳಿದು ಬೀಜಕ್ಕೆ ಸಿಗುತ್ತದೆ. ಆಮೇಲೆ ಬೇರು, ಎಲೆ. ನಿಮ್ಮ ಬೀಜಕ್ಕೆ ಅಲ್ಲಿವರೆಗೆ ಹೋಗೋಕೆ ಸಕ್ಕರೆ ಸಾಲಲಿಲ್ಲ.

ಒಂದು ಪ್ರಶ್ನೆ. ಕೆಳಗಿನ ಮಡಿಯಲ್ಲಿ ಹಳೇ ಕೂಳೆ ಉತ್ತು ಮುಚ್ಚಿದ್ದಿರಾ?

ಕೊನೆಭಾಗದ ಗದ್ದೆ, ಮಲೇಬೆನ್ನೂರು

ಹೌದು. ಬೇಸಿಗೆ ಬೆಳೆಯ ಕೂಳೆ ಹಾಗೇ ಉತ್ತಿದ್ದೆ. ಅರ್ಧ ಕೊಳೆತಿತ್ತು ಅಷ್ಟೇ.

ತಳಿ ಓದು, ದಾವಣಗೆರೆ

ಅದೂ ಸೇರಿಕೊಂಡಿದೆ. ಕೂಳೆ ಕೊಳೆಯುವಾಗ ಅಲ್ಲಿನ ಸೂಕ್ಷ್ಮಜೀವಿಗಳೇ ಮಣ್ಣಿನ ಆಮ್ಲಜನಕ ಕುಡಿದುಬಿಡುತ್ತವೆ. ಬಿಸಿಲಿಗೆ ಕಾದ ನೀರಲ್ಲಿ ಮೊದಲೇ ಆಮ್ಲಜನಕ ಕಡಿಮೆ. ಬೀಜದ ಪಾಲಿಗೆ ಏನೂ ಉಳಿದಿರಲಿಲ್ಲ.

ಒಂದು ಕೆಲಸ ಮಾಡ್ತೀರಾ? ನಾಲ್ಕು ಗಾಜಿನ ಲೋಟ ತಗೊಳ್ಳಿ. ನೀರು ಕುದಿಸಿ ಆರಿಸಿ, ಕುದಿಸಿದರೆ ಕರಗಿದ ಗಾಳಿ ಹೋಗುತ್ತದೆ. ಮನೆಯಲ್ಲಿ ಇರುವ ಬೇರೆ ಬೇರೆ ಭತ್ತದ ಬೀಜ, ಒಂದರಲ್ಲಿ ಮೆಕ್ಕೆಜೋಳ, ಹತ್ತತ್ತು ಕಾಳು ಹಾಕಿ. ನಾಲ್ಕು ಬೆರಳು ನೀರು ನಿಲ್ಲಿಸಿ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ. ಕತ್ತಲಲ್ಲಿ ಐದು ದಿನ ಇಡಿ. ಏನು ಕಂಡಿತು ಅಂತ ಇಲ್ಲೇ ಬರೀರಿ.

ಹರಿಹರ ಹುಡುಗ

ಅಕ್ಕಾ, ಈ ಸಬ್-1 ಕುಲಾಂತರಿನಾ? ನಮ್ಮೂರಲ್ಲಿ ಕೆಲವರು ಹಾಗಂತಾರೆ. ಬೀಜ ಪ್ರತಿ ವರ್ಷ ಕೊಳ್ಳಬೇಕಾ?

ತಳಿ ಓದು, ದಾವಣಗೆರೆ

ಅಲ್ಲಪ್ಪ. ಭತ್ತಕ್ಕೆ ಭತ್ತವನ್ನೇ ಕ್ರಾಸ್ ಮಾಡಿದ್ದು. ಸ್ವರ್ಣ ತಳಿಗೆ ಎಫ್‌ಆರ್ 13ಎ ಮೂಲದ ಗುಣ ಸೇರಿಸಿ, ಬಂದ ಗಿಡವನ್ನು ಮತ್ತೆ ಮತ್ತೆ ಸ್ವರ್ಣಕ್ಕೇ ಕ್ರಾಸ್ ಮಾಡುತ್ತಾ ಹೋದರು. ಪ್ರತಿ ಸಲ ಎಳೇ ಸಸಿಯ ಎಲೆಯಿಂದ ಡಿಎನ್‌ಎ ತೆಗೆದು, ಸಬ್-1 ಇರುವ ಸಸಿ ಮಾತ್ರ ಇಟ್ಟುಕೊಂಡರು. ಕೊನೆಗೆ ಸಿಕ್ಕಿದ್ದು ಸ್ವರ್ಣವೇ, ಆ ಒಂದು ತುಂಡು ಮಾತ್ರ ಹೊಸದು. ಸ್ವರ್ಣ-ಸಬ್1 ಭಾರತದಲ್ಲಿ 2009ರಲ್ಲಿ ಬಿಡುಗಡೆ ಆಯಿತು. ಹೈಬ್ರಿಡ್ ಅಲ್ಲದ ಕಾರಣ ಬೀಜ ನೀವೇ ಎತ್ತಿಟ್ಟುಕೊಳ್ಳಬಹುದು. ಬೇರೆ ತಳಿ ಬೆರೆಯದಂತೆ ನೋಡಿಕೊಂಡರೆ ಸಾಕು.

ಸೊರಬದ ಮಗಳು

ನಾನು ದಾವಣಗೆರೆಗೆ ಸೊಸೆಯಾಗಿ ಬಂದವಳು. ತವರು ಸೊರಬದ ಕಡೆ, ವರದಾ ಹೊಳೆ ಹತ್ತಿರ. ಅಲ್ಲಿ ನೆರೆಗುಳಿ ಅಂತ ಭತ್ತ ಹಾಕುತ್ತಿದ್ದರು. ಹೆಸರಲ್ಲೇ ನೆರೆ ಇದೆ ನೋಡಿ. ಹೊಳೆ ಬಂದು ಗದ್ದೆ ಕಾಣದಂತೆ ಆದರೂ ಅಜ್ಜಿ ಹೆದರುತ್ತಿರಲಿಲ್ಲ. "ಹೊಳೆ ಇಳೀಲಿ, ಎದ್ದು ಬರ್ತದೆ" ಅನ್ನುತ್ತಿದ್ದಳು. ಅಕ್ಕಿ ಕೆಂಪು, ದಪ್ಪ. ಗಂಜಿಗೆ ಅದರ ರುಚಿ ಬೇರೆಯೇ. ಇಂಥ ಬೀಜಗಳಲ್ಲಿ ಮೇಡಂ ಹೇಳುವ ಜೀನ್ ಇರಬಹುದಲ್ವಾ?

ತಳಿ ಓದು, ದಾವಣಗೆರೆ

ಅಕ್ಕಾ, ನಿಮ್ಮ ಅಜ್ಜಿಯಂಥವರು ಉಳಿಸಿದ ಬೀಜದಿಂದಲೇ ಇವೆಲ್ಲ ಸಿಕ್ಕಿದ್ದು. ಎಫ್‌ಆರ್ 13ಎ, ಖಾವ್ ಹ್ಲಾನ್ ಆನ್, ಎರಡರ ಮೂಲವೂ ರೈತರ ಮನೆಯ ಭತ್ತ. ಒಂದು ಮಾತು ಹೇಳಿ: ತವರಲ್ಲಿ ಹೊಳೆ ಬರುವ ಹೊತ್ತಿಗೆ ಪೈರು ಎಷ್ಟು ಎತ್ತರ ಇರುತ್ತಿತ್ತು? ಮುಳುಗಿದಾಗ ನೀರಿನ ಜೊತೆ ಬೆಳೆಯುತ್ತಿತ್ತೋ, ಕೆಳಗೇ ಉಳಿಯುತ್ತಿತ್ತೋ?

ಯಾಕೆ ಕೇಳ್ತೀನಿ ಅಂದರೆ ಇನ್ನೊಂದು ಬಗೆಯೂ ಇದೆ. ಬಾಂಗ್ಲಾದೇಶದ ಕಡೆ ಆಳ ನೀರಿನ ಭತ್ತ ದಿನಕ್ಕೆ 20-25 ಸೆಂಟಿಮೀಟರ್ ಬೆಳೆದು ತಲೆ ಹೊರಗೇ ಇಟ್ಟುಕೊಳ್ಳುತ್ತದೆ. ಅದರ ಜೀನ್‌ಗಳನ್ನು 2009ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಹಿಡಿದರು. ಹೆಸರು ಸ್ನಾರ್ಕೆಲ್-1, ಸ್ನಾರ್ಕೆಲ್-2. ಮುಳುಗುವವರು ಬಾಯಿಗೆ ಇಟ್ಟುಕೊಳ್ಳುವ ಗಾಳಿ ಕೊಳವೆಯ ಹೆಸರು ಅದು. ಸಬ್-1ಎ ಮತ್ತು ಇವು ಒಂದೇ ಕುಲದ ಜೀನ್‌ಗಳು. ಒಂದು "ನಿಲ್ಲು" ಅನ್ನುತ್ತದೆ, ಇನ್ನೊಂದು "ಓಡು" ಅನ್ನುತ್ತದೆ. ಎರಡು ವಾರದಲ್ಲಿ ಇಳಿಯುವ ನೆರೆಗೆ ನಿಲ್ಲುವುದು ಸರಿ. ತಿಂಗಳುಗಟ್ಟಲೆ ನಿಲ್ಲುವ ನೀರಿಗೆ ಓಡುವುದೇ ಸರಿ.

ಸೊರಬದ ಮಗಳು

ಮುಂಗಾರಿಗೆ ಮೊದಲೇ ಒಣ ಮಣ್ಣಿಗೆ ಬಿತ್ತುತ್ತಿದ್ದರು. ಹೊಳೆ ಬರುವಷ್ಟರಲ್ಲಿ ಪೈರು ಮೊಳ ಎತ್ತರ. ಮುಳುಗಿದಾಗ ಏನಾಗುತ್ತಿತ್ತು ಅಂತ ಅಮ್ಮನನ್ನು ಕೇಳಿ ಹೇಳುತ್ತೇನೆ. ಮನೆಯಲ್ಲಿ ಇನ್ನೂ ಒಂದು ಚೀಲ ಬೀಜ ಇದೆ ಅಂದಳು.

ಕೆಂಪುಮಣ್ಣು, ಜಗಳೂರು

ನಮ್ಮ ಕಡೆ ಭತ್ತ ಇಲ್ಲ, ಮೆಕ್ಕೆಜೋಳವೇ ಎಲ್ಲ. ದಾವಣಗೆರೆ ಜಿಲ್ಲೆಯಲ್ಲಿ ಎಷ್ಟು ಜನ ಮೆಕ್ಕೆಜೋಳ ನಂಬಿದ್ದೀವಿ ಅಂತ ಎಲ್ಲರಿಗೂ ಗೊತ್ತು. ಬರದ ತಾಲೂಕು ಅಂತಾರೆ, ಆದರೆ 2022ರಲ್ಲಿ ಎರಡು ದಿನ ನೀರು ನಿಂತಿದ್ದಕ್ಕೇ ತಗ್ಗಿನ ಹೊಲದಲ್ಲಿ ಎಳೇ ಪೈರು ಹಳದಿಯಾಗಿ ಹೋಯಿತು. ಮೆಕ್ಕೆಜೋಳಕ್ಕೂ ಇಂಥ ಜೀನ್ ಇದೆಯಾ?

ತಳಿ ಓದು, ದಾವಣಗೆರೆ

ಭತ್ತದ ಹಾಗೆ ಒಂದೇ ಜೀನಲ್ಲಿ ಕೆಲಸ ಮುಗಿಯಲ್ಲ ಅಣ್ಣಾ. ಆದರೆ ಈ ವಿಷಯದಲ್ಲಿ ಹಳೇ ಪಾಠಗಳಲ್ಲಿ ಒಂದು ಮೆಕ್ಕೆಜೋಳದಿಂದಲೇ ಬಂದದ್ದು.

ಆಮ್ಲಜನಕ ಇದ್ದಾಗ ಒಂದು ಗ್ಲೂಕೋಸ್‌ನಿಂದ ಜೀವಕೋಶಕ್ಕೆ 30ರ ಆಸುಪಾಸು ಎಟಿಪಿ ಸಿಗುತ್ತದೆ, ಅಂದರೆ ಖರ್ಚಿಗೆ ಕಾಸು. ಆಮ್ಲಜನಕ ಇಲ್ಲದಾಗ 2 ಮಾತ್ರ. ಆ ಎರಡಕ್ಕೂ ಬೀಜ ಹುದುಗು ಬರಿಸಿ ಆಲ್ಕೋಹಾಲ್ ಮಾಡಬೇಕು. ಆ ಕೊನೇ ಹೆಜ್ಜೆಯ ಕಿಣ್ವ ಎಡಿಎಚ್. ಡ್ರೂ ಶ್ವಾರ್ಟ್ಸ್ ಅನ್ನೋ ವಿಜ್ಞಾನಿ 1960ರ ದಶಕದಲ್ಲಿ ಎಡಿಎಚ್ ಇಲ್ಲದ ಮೆಕ್ಕೆಜೋಳದ ಬೀಜ ನೀರಲ್ಲಿ ಮಾಮೂಲಿ ಬೀಜಕ್ಕಿಂತ ಬೇಗ ಸಾಯುತ್ತದೆ ಅಂತ ತೋರಿಸಿದರು. ಗಾಳಿ ಇದ್ದಾಗ ಎರಡಕ್ಕೂ ವ್ಯತ್ಯಾಸವೇ ಕಾಣಲ್ಲ. ಮುಳುಗಿದಾಗ ಮಾತ್ರ ಆ ಜೀನಿನ ಬೆಲೆ ಗೊತ್ತಾಗುತ್ತದೆ.

ಎಳೇ ಪೈರು ಯಾಕೆ ಬೇಗ ಹೋಗುತ್ತೆ ಅಂದರೆ, ಆರು ಎಲೆ ಬರುವವರೆಗೆ ಅದರ ಸುಳಿಯ ಮೊನೆ ಮಣ್ಣಿನೊಳಗೇ ಇರುತ್ತದೆ. ನೀರು ನಿಂತರೆ ಜೀವ ಇರುವ ಜಾಗವೇ ಮುಳುಗಿದ ಹಾಗೆ. ನಮ್ಮ ಸೆಖೆಗೆ ಎರಡು ದಿನವೂ ಜಾಸ್ತಿಯೇ. ಮೆಕ್ಕೆಜೋಳದ ಕಾಡು ನೆಂಟ ಒಂದು ನಿಕರಾಗುವಾದ ಜೌಗಿನಲ್ಲಿ ಬೆಳೆಯುತ್ತದೆ. ಅದರ ಬೇರಿನೊಳಗೆ ಗಾಳಿ ಓಡಾಡುವ ಟೊಳ್ಳು ಮೊದಲೇ ಇರುತ್ತದೆ. ಆ ಗುಣವನ್ನು ಮೆಕ್ಕೆಜೋಳಕ್ಕೆ ತರುವ ಕೆಲಸ ಜಪಾನಿನಲ್ಲಿ ನಡೆದಿದೆ. ಅಲ್ಲಿವರೆಗೆ ತಗ್ಗಿನ ಹೊಲದಲ್ಲಿ ದಿಂಡು ಏರಿಸಿ ಅದರ ಮೇಲೆ ಬಿತ್ತುವುದು, ನೀರು ಹೊರಗೆ ಹೋಗೋಕೆ ಒಂದು ಸಾಲು ತೆಗೆಯುವುದೇ ದಾರಿ.

ವೇದಾವತಿ ದಂಡೆ, ಹಿರಿಯೂರು

ಚಿತ್ರದುರ್ಗದ ಕಡೆಯಿಂದ ಒಂದು ಮಾತು. ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿತ್ತು. ಹೋಗಿ ಕಣ್ಣಾರೆ ನೋಡಿದೆ, ಕಣ್ಣಲ್ಲಿ ನೀರು ಬಂತು. ಅದೇ ವರ್ಷ ನಮ್ಮ ಶೇಂಗಾ ಕೀಳೋಕೆ ಮಳೆ ಬಿಡಲಿಲ್ಲ. ಕಾಯಿ ಸಾಯಲಿಲ್ಲ, ಬದಲಿಗೆ ಭೂಮಿಯೊಳಗೇ ಮೊಳೆತು ನಿಂತಿತು. ಅದೂ ಜೀನಿನ ಕಥೆಯೇ?

ತಳಿ ಓದು, ದಾವಣಗೆರೆ

ಹೌದು ಸರ್. ನಮ್ಮ ಚಳ್ಳಕೆರೆ, ಹಿರಿಯೂರು ಕಡೆ ಬಹಳ ಕಾಲ ಬೆಳೆದ ಟಿಎಂವಿ-2 ಗೊಂಚಲು ಜಾತಿ. ಆ ಜಾತಿಯ ಬೀಜಕ್ಕೆ ಸುಪ್ತಾವಸ್ಥೆ ಇಲ್ಲ, ಅಂದರೆ ಬಲಿತ ಮೇಲೆ ನಿದ್ದೆ ಮಾಡಲ್ಲ. ಹಸಿ ಸಿಕ್ಕರೆ ಮೊಳೆಯುತ್ತದೆ. ಹಬ್ಬುವ ಜಾತಿಯ ಶೇಂಗಾಕ್ಕೆ ಆ ನಿದ್ದೆ ಇದೆ. ಹೊಸ ತಳಿ ಆರಿಸುವಾಗ ಎಣ್ಣೆ, ಇಳುವರಿ ಜೊತೆ "ಹಸಿ ಕಾಯಿ ಎಷ್ಟು ದಿನ ಮೊಳೆಯಲ್ಲ?" ಅಂತಲೂ ಕೇಳಿ. ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರ ನಿಮಗೆ ಹತ್ತಿರವೇ ಇದೆ.

ಹರಿಹರ ಹುಡುಗ

ಅಕ್ಕಾ, ಕೊನೇ ಪ್ರಶ್ನೆ. ಗಿಡಕ್ಕೆ ಮೂಗಿಲ್ಲ. ಆಮ್ಲಜನಕ ಇಲ್ಲ ಅಂತ ಹೇಗೆ ಗೊತ್ತಾಗುತ್ತೆ?

ತಳಿ ಓದು, ದಾವಣಗೆರೆ

ಎಷ್ಟು ಚೆಂದದ ಪ್ರಶ್ನೆ! ಇದಕ್ಕೆ ಉತ್ತರ 2011ರಲ್ಲಿ ಸಿಕ್ಕಿತು, ಸಾಸಿವೆಯ ನೆಂಟ ಅರಾಬಿಡಾಪ್ಸಿಸ್ ಅನ್ನೋ ಪುಟ್ಟ ಗಿಡದಲ್ಲಿ. ಎರಡು ತಂಡಗಳು ಒಟ್ಟಿಗೇ ಪ್ರಕಟಿಸಿದವು. ಗಿಡದೊಳಗೆ ಕೆಲವು ಪ್ರೋಟೀನುಗಳು ಯಾವಾಗಲೂ ತಯಾರಾಗುತ್ತಾ ಇರುತ್ತವೆ. ಅವುಗಳ ತುದಿಯಲ್ಲಿ ಸಿಸ್ಟೀನ್ ಅನ್ನೋ ಅಮೈನೋ ಆಮ್ಲ ಇರುತ್ತದೆ. ಆಮ್ಲಜನಕ ಇದ್ದರೆ ಆ ತುದಿಗೆ ಅದು ತಾಗುತ್ತದೆ, ಪ್ರೋಟೀನು ಒಡೆದುಹೋಗುತ್ತದೆ. ಆಮ್ಲಜನಕ ಇಲ್ಲದಿದ್ದರೆ ಪ್ರೋಟೀನು ಉಳಿದು, ನೀರಲ್ಲಿ ಬದುಕುವ ಜೀನ್‌ಗಳನ್ನು ಎಬ್ಬಿಸುತ್ತದೆ. ಬಾಗಿಲಲ್ಲಿ ಕೂತ ಕಾವಲುಗಾರನನ್ನು ದಿನಾ ಮನೆಗೆ ಕಳಿಸುವುದು ಆಮ್ಲಜನಕವೇ. ಅದು ಬಾರದ ದಿನ ಅವನು ಉಳಿದು ಗಂಟೆ ಬಾರಿಸುತ್ತಾನೆ. ಸಬ್-1ಎ ಕೂಡ ಇದೇ ಕುಲ, ಆದರೆ ಅದು ಈ ಒಡೆತಕ್ಕೆ ಸಿಗದೆ ತಪ್ಪಿಸಿಕೊಳ್ಳುತ್ತದೆ.

ಕೊನೆಭಾಗದ ಗದ್ದೆ, ಮಲೇಬೆನ್ನೂರು

ಲೋಟದ ಫಲಿತಾಂಶ ತಂದಿದ್ದೇನೆ. ಐದು ದಿನ ಅಟ್ಟದ ಮೇಲೆ ಕತ್ತಲಲ್ಲಿ ಇಟ್ಟಿದ್ದೆ. ಮಗಳು ದಿನಾ ಬ್ಯಾಟರಿ ಹಾಕಿ ನೋಡುತ್ತಿದ್ದಳು.

ಮೆಕ್ಕೆಜೋಳ ಊದಿ ದಪ್ಪಗಾಯಿತು, ಮೊಳಕೆ ಇಲ್ಲ. ಲೋಟ ತೆಗೆದಾಗ ಹುದುಗು ಬಂದ ಹಿಟ್ಟಿನ ವಾಸನೆ. ಮೇಡಂ ಹೇಳಿದ ಆಲ್ಕೋಹಾಲ್ ಇದೇ ಇರಬೇಕು. ನನ್ನ ಸಬ್-1 ಭತ್ತ ಹತ್ತರಲ್ಲಿ ಮೂರಕ್ಕೆ ಬಿಳಿ ಎಳೆ, ಅರ್ಧ ಬೆರಳೂ ಇಲ್ಲ. ನಮ್ಮ ದೊಡ್ಡಪ್ಪ ಚುರುಮುರಿಗೆ ಅಂತ ಹಾಕುವ ದಪ್ಪ ಭತ್ತ ಹತ್ತರಲ್ಲಿ ಏಳಕ್ಕೆ ಎಳೆ ಬಂದಿದೆ. ಅದರಲ್ಲಿ ಎರಡು ಎಣ್ಣೆ ಪದರ ಮುಟ್ಟೋಕೆ ಹತ್ತಿರ ಬಂದಿವೆ. ಒಂದಕ್ಕೂ ಬೇರಿಲ್ಲ, ಬರೀ ಬಿಳಿ ಸೂಜಿ. ಭತ್ತ ಭತ್ತಕ್ಕೇ ಇಷ್ಟು ವ್ಯತ್ಯಾಸ ಇದೆ ಅಂತ ಇವತ್ತೇ ನೋಡಿದ್ದು.

ತಳಿ ಓದು, ದಾವಣಗೆರೆ

ಅಣ್ಣಾ, ಎರಡರ ಬೀಜವೂ ಒಂದೇ ವರ್ಷದ್ದಾ? ಹಳೇ ಬೀಜಕ್ಕೆ ಕಸುವು ಕಡಿಮೆ. ತಳಿಯ ಗುಣ ಅಂತ ಹೇಳೋಕೆ ಮೊದಲು ಒಂದೇ ಹಂಗಾಮಿನ ಬೀಜದಲ್ಲಿ ಇನ್ನೊಂದು ಸಲ ಮಾಡಿ. ಈ ಸಲ ಕಾಳು ಜಾಸ್ತಿ ಇರಲಿ, ಐವತ್ತೈವತ್ತು.

ಕೆಳಗಿನ ಮಡಿಗೆ ಈ ವರ್ಷ ನಾಟಿಯೇ ಮಾಡಿ. ಸಬ್-1 ಸಸಿ ಬೆಳೆದ ಮೇಲೆ ಅಲ್ಲಿ ನೀರು ನಿಂತರೂ ಹೆದರಿಕೆ ಇಲ್ಲ. ಮುಳುಗಿ ನೀರು ಇಳಿದರೆ ಕೂಡಲೇ ಯೂರಿಯಾ ಹಾಕಬೇಡಿ, ಹೊಸ ಎಲೆ ಬರಲಿ. ಬೀಜಕ್ಕೂ ಪೈರಿಗೂ ಎರಡೂ ಗುಣ ಇರುವ ಭತ್ತ ಬಂದೇ ಬರುತ್ತದೆ. ಇಂಡೋನೇಷ್ಯಾದ ಚಿಹೆರಾಂಗ್ ತಳಿಯಲ್ಲಿ ಸಬ್-1 ಜೊತೆ ಖಾವ್ ಹ್ಲಾನ್ ಆನ್‌ನ ಗುಣವನ್ನೂ ಸೇರಿಸಿ ತೋರಿಸಿದ್ದಾರೆ. "ನಿಲ್ಲು" ಮತ್ತು "ಏಳು" ಒಂದೇ ಗಿಡದಲ್ಲಿ ಜಗಳವಾಡದೆ ಇರುತ್ತವೆ. ನಮ್ಮ ಸಣ್ಣಕ್ಕಿ ತಳಿಗಳಿಗೆ ಅದು ಬೇಕು ಅಂತ ಕತ್ತಲಗೆರೆ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಾವೆಲ್ಲ ಹೋಗಿ ಕೇಳೋಣ. ನಾನೂ ಬರುತ್ತೇನೆ.

ಸೊರಬದ ಮಗಳು

ಅಮ್ಮನ ಹತ್ತಿರ ಮಾತಾಡಿದೆ. ಮುಳುಗಿದಾಗ ಪೈರು ನೀರಿನ ಜೊತೆ ಸ್ವಲ್ಪ ಏಳುತ್ತಿತ್ತಂತೆ, ಆದರೆ ಬುಡ ಗಟ್ಟಿ. ಅವಳು ಎರಡು ಸೇರು ನೆರೆಗುಳಿ ಕಟ್ಟಿ ಕೊಟ್ಟಿದ್ದಾಳೆ. ಮಲೇಬೆನ್ನೂರು ಅಣ್ಣ ಭಾನುವಾರ ದಾವಣಗೆರೆಗೆ ಬಂದರೆ ಕೊಡುತ್ತೇನೆ.

ಕೊನೆಭಾಗದ ಗದ್ದೆ, ಮಲೇಬೆನ್ನೂರು

ಬೀಜ ತಂದೆ ಅಕ್ಕಾ, ನಿಮ್ಮ ತಾಯಿಗೆ ನಮಸ್ಕಾರ ಹೇಳಿ. ಕೆಳಗಿನ ಮಡಿಗೆ ಸಸಿ ಹಾಕಿದ್ದೇನೆ. ಬಸಿಗಾಲುವೆ ಮೊನ್ನೆಯೇ ತೆಗೆಸಿದೆ. ಈಗ ಅಟ್ಟದ ಮೇಲೆ ಆರು ಲೋಟ ಇವೆ, ಎಲ್ಲ ಹೋದ ಹಂಗಾಮಿನ ಬೀಜ, ಐವತ್ತೈವತ್ತು ಕಾಳು. ಮಗಳು ಒಂದೊಂದರ ಮೇಲೂ ಚೀಟಿ ಅಂಟಿಸಿದ್ದಾಳೆ. ನೆರೆಗುಳಿ ಲೋಟದಲ್ಲಿ ಇವತ್ತು ಬೆಳಗ್ಗೆ ಮೊದಲ ಬಿಳಿ ಸೂಜಿ ಕಂಡಿತು. ಇವತ್ತಿಗೆ ಮೂರು ದಿನ.